ಕಿಟಕಿ ಪಕ್ಕದ ಟೇಬಲ್

ಕೊತ್ತಂಬರಿ ಬೀಜ ಇನ್ನೂ ಅರ್ಧ ಹುರಿದಿರುವಾಗಲೇ ಫೋನು ಬಡಿದುಕೊಂಡಿತು. ಉಮಾವತಿ ಸಟ್ಟುಗ ಬಿಡಲಿಲ್ಲ. ಬೀಜ ಬಣ್ಣ ತಿರುಗುವ ಹೊತ್ತಿಗೆ ಕೈ ನಿಂತರೆ ತಳದ ಒಂದು ಹಿಡಿ ಕರಕಾಗಿ ಇಡೀ ಬಾಣಲೆ ಕಹಿಯಾಗುತ್ತದೆ, ಆ ಕಹಿ ನಾಳೆ ಪುಣೆಯ ನಿಗಡಿಯಲ್ಲಿರುವ ತಮ್ಮ ಹೋಟೆಲಿನ ಸಾಂಬಾರಿಗೆ ಇಳಿಯುತ್ತದೆ. ಸಾಂಬಾರಿನ ಪುಡಿಯನ್ನು ಅವಳು ಮದುವೆಯಾದಾಗಿನಿಂದಲೂ ಮನೆಯಲ್ಲೇ ಮಾಡುತ್ತ ಬಂದಿದ್ದಳು. ಅಡುಗೆ ಭಟ್ಟರು ಬರುತ್ತಾರೆ, ಹೋಗುತ್ತಾರೆ, ಹೋಗುವಾಗ ಕಲಿತ ರುಚಿಯನ್ನು ಎದುರಿನ ಹೋಟೆಲಿಗೆ ಹೊತ್ತುಕೊಂಡು ಹೋಗುತ್ತಾರೆ. ಆದ್ದರಿಂದ ಪುಡಿಯ ಅಳತೆ ಮನೆ ಹೆಂಗಸಿನ ಕೈಯಲ್ಲೇ ಇರಬೇಕು ಎನ್ನುವುದು ಅವಳ ಗಂಡ ಭುಜಂಗನ ಕಾನೂನು. ಹೊಸದರಲ್ಲಿ ಅದನ್ನು ತನ್ನ ಮೇಲಿನ ನಂಬಿಕೆ ಎಂದುಕೊಂಡು ಹಿಗ್ಗಿದ್ದಳು. ಭಟ್ಟರ ಮೇಲಿನ ಅಪನಂಬಿಕೆಗೂ ಹೆಂಡತಿಯ ಮೇಲಿನ ನಂಬಿಕೆಗೂ ವ್ಯತ್ಯಾಸವಿದೆ ಎಂಬುದು ಹೊಳೆಯಲು ಬಹಳ ಕಾಲ ಬೇಕಾಯಿತು. ಹೊಳೆದ ಮೇಲೂ ಹುರಿಯುವುದನ್ನು ಬಿಡಲಿಲ್ಲ. ಮಗಳು ಶ್ರದ್ಧಾ ಫೋನು ಎತ್ತಿ, ಉದ್ದದ ವಯರನ್ನು ಎಳೆದುಕೊಂಡು ಅಡುಗೆಮನೆಗೆ ಬಂದು, ರಿಸೀವರನ್ನು ತಾಯಿಯ ಕಿವಿಗೆ ಒತ್ತಿದಳು. “ಪಪ್ಪಾ,” ಎಂದಳು, ಬೇರೆ ಯಾರದೋ ತಂದೆಯ ಹೆಸರು ಹೇಳಿದ ಹಾಗೆ.

“ಹನ್ನೊಂದಕ್ಕೆ ಗಾಡಿ ಕಳಿಸ್ತೇನೆ,” ಭುಜಂಗನ ಹಿಂದಿನಿಂದ ಲೋಟಗಳ ಸದ್ದು ಕೇಳುತ್ತಿತ್ತು. “ಕಾಲೇಜು ನೋಡಿ ಬರುವ, ಮೂರೂ ಜನ. ಮಗಳನ್ನು ಸೇರಿಸುವ ಜಾಗ ನೀನೂ ಒಮ್ಮೆ ನೋಡಬೇಕಲ್ಲ? ಒಂದು ಒಳ್ಳೆ ಸೀರೆ ಉಟ್ಟುಕೋ, ಆಯ್ತಾ?”

ಆಯ್ತು ಎಂದಳು. ಮೊದಲೇ ಹುರಿದಿಟ್ಟ ಮೆಣಸಿನ ಘಾಟಿಗೋ ಏನೋ ಕಣ್ಣಲ್ಲಿ ನೀರು ಬಂತು. ಒಳ್ಳೆ ಸೀರೆ ಉಟ್ಟುಕೋ. ಈ ಮಾತನ್ನು ಇದೇ ದನಿಯಲ್ಲಿ, ಹಿಂದೆ ಇದೇ ಲೋಟಗಳ ಸದ್ದಿರುವಾಗ, ಅವನು ಇನ್ನೊಮ್ಮೆ ಹೇಳಿದ್ದ. ಎಲ್ಲಿ ಎಂದು ನೆನಪಾಗಲಿಲ್ಲ. ಅಥವಾ ನೆನಪಾಗುವುದು ಅವಳಿಗೆ ಬೇಕಿರಲಿಲ್ಲ. ಬೀಜವನ್ನು ಹಳೆಯ ಮರಾಠಿ ಪೇಪರಿನ ಮೇಲೆ ಹರಡಿದಳು. ಪೇಪರಿನಲ್ಲೂ ಅದೇ ಕಾಲೇಜಿನ ಜಾಹೀರಾತು: ಗಾಜಿನ ಕಟ್ಟಡ, ಅದರ ಮುಂದೆ ನಗುವ ಹುಡುಗ ಹುಡುಗಿಯರು. ಬಿಸಿ ಬೀಜ ಅವರ ಮುಖದ ಮೇಲೆ ಚಟಪಟ ಎಂದಿತು.

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದಾಗಿನಿಂದ ಮನೆಯಲ್ಲಿ ಊಟದ ಹೊತ್ತಿಗೆ ಇದೇ ಮಾತು. ಪುಣೆ ನಗರದೊಳಗೆ, ಡೆಕ್ಕನ್ ಕಡೆಯ ಹಳೆಯ ಕಲ್ಲಿನ ಕಾಲೇಜಿನ ಮೊದಲ ಪಟ್ಟಿಯಲ್ಲೇ ಶ್ರದ್ಧಾಳ ಹೆಸರು ಬಂದಿತ್ತು. ಸ್ಟ್ಯಾಟಿಸ್ಟಿಕ್ಸ್ ಓದುತ್ತೇನೆ ಎಂದಿದ್ದಳು, ಒಂದೇ ಸಲ. ಎರಡನೆಯ ಸಲ ಹೇಳುವ ಹುಡುಗಿಯಲ್ಲ ಅವಳು. ಭುಜಂಗನಿಗೆ ನಿಗಡಿಯ ಆಚೆ, ಹೈವೇಗೆ ತಾಗಿಕೊಂಡು ಹೊಸದಾಗಿ ಎದ್ದ ಸೂರ್ಯಶಿಖರ ಇನ್‌ಸ್ಟಿಟ್ಯೂಟೇ ಆಗಬೇಕು. “ಹೆಸರು ಹೆಸರು ಅಂತ ಸಾಯ್ತಾರೆ ಜನ. ಹೆಸರು ಎಂತ ಮಾಡ್ತದೆ? ಜಾಗ ಬೇಕು, ಜಾಗ. ಮೊದಲು ನಾವು ಕ್ಯಾಂಪ್ ಪೇಟೆಯಲ್ಲಿದ್ದಾಗ ನಮಗಿಂತ ಚಂದ ದೋಸೆ ಮಾಡುವವ ಒಬ್ಬ ಇದ್ದ, ಗಲ್ಲಿಯ ಒಳಗೆ. ದೊಡ್ಡ ಹೆಸರು. ಎಲ್ಲಿ ಹೋದ ಈಗ? ಮೂಲೆ ಮೇಲೆ ಇದ್ದವ ಉಳಿದ.” ಶ್ರದ್ಧಾ ತಟ್ಟೆಯಿಂದ ತಲೆ ಎತ್ತದೆ, “ಪಪ್ಪಾ, ಕಾಲೇಜು ಅಂದ್ರೆ ದೋಸೆ ಅಲ್ಲ,” ಅಂದಿದ್ದಳು. ಅವನು ನಕ್ಕುಬಿಟ್ಟಿದ್ದ. “ಎಲ್ಲ ದೋಸೆಯೇ ಮಗಾ. ಸುತ್ತು ದೊಡ್ಡದು ಸಣ್ಣದು, ಅಷ್ಟೇ.”

ಉಮಾವತಿ ಇಬ್ಬರನ್ನೂ ನಂಬಿರಲಿಲ್ಲ. ಮನೆ ಹತ್ತಿರದ ಕಾಲೇಜಿನ ಮೇಲೆ ಗಂಡನಿಗೆ ಇದ್ದಕ್ಕಿದ್ದಂತೆ ಯಾಕಿಷ್ಟು ಪ್ರೀತಿ? ಹತ್ತನೆಯ ತರಗತಿಯವರೆಗೆ ಮಗಳು ಯಾವ ಶಾಲೆಯ ಸಮವಸ್ತ್ರ ಹಾಕುತ್ತಾಳೆ ಎಂದೂ ತಿಳಿಯದಿದ್ದ ಮನುಷ್ಯ. ಮತ್ತೆ ಮಗಳಿಗೆ, ಆಕುರ್ಡಿಯಲ್ಲಿ ಲೋಕಲ್ ರೈಲು ಹಿಡಿದು ಶಿವಾಜಿನಗರದಲ್ಲಿ ಇಳಿದು ಬಸ್ಸಿಗೆ ಜೋತು ಬೀಳುವ ಕಾಲೇಜೇ ಯಾಕೆ ಆಗಬೇಕು? ದೂರದ ಜಾಗದ ಮೇಲೆ ಆಸೆಯಾಗುವ ವಯಸ್ಸಿನಲ್ಲಿ ಆ ಆಸೆಗೆ ಒಂದು ಮುಖ ಇರುತ್ತದೆ ಎಂದು ಅವಳಿಗೆ ಗೊತ್ತು. ಟ್ಯೂಷನ್ನಿನ ಸುದೀಪ ಎಂಬ ಹುಡುಗ ಆಗಾಗ ಫೋನು ಮಾಡುತ್ತಿದ್ದ. ಮಲಗುವ ಕೋಣೆಯ ಇನ್ನೊಂದು ಫೋನನ್ನು ಉಸಿರು ಬಿಗಿಹಿಡಿದು ಎತ್ತಿ, ಎರಡು ಮಾತು ಕೇಳಿ, ಬೆವರಿದ ಕೈಯಲ್ಲಿ ಇಟ್ಟುಬಿಟ್ಟಿದ್ದಳು. ಕೇಳಿದ್ದು ಯಾವುದೋ ಫಾರಂ ತುಂಬುವ ಮಾತು. ಆದರೂ ಅದರ ಆಚೆಗೆ ಏನೋ ಇರಬೇಕೆಂದು ದಿನವಿಡೀ ಹುಡುಕಿದ್ದಳು.

ರೇಷ್ಮೆ ಉಡಲಿಲ್ಲ, ಹಸಿರು ಅಂಚಿನ ಒಂದು ಕಾಟನ್ ಸೀರೆ ಉಟ್ಟಳು, ಅದೂ ಒಳ್ಳೆಯದೇ. ಗಾಡಿಯಲ್ಲಿ ಕೂತ ಮೇಲೆ, ಡ್ರೈವರನಿಗೆ ಕನ್ನಡ ಬರುವುದಿಲ್ಲ ಎಂಬ ಧೈರ್ಯದಿಂದ, ಏನೂ ವಿಶೇಷವಿಲ್ಲವೆಂಬಂತೆ ಕೇಳಿದಳು: “ಆ ಸುದೀಪನೂ ಡೆಕ್ಕನ್ನಿನಲ್ಲೇ ಸೇರುವುದಾ?”

“ಅವನು ಸಾಂಗ್ಲಿಗೆ ಹೋಗ್ತಾನೆ, ಇಂಜಿನಿಯರಿಂಗಿಗೆ.” ಶ್ರದ್ಧಾ ಹೊರಗೆ ನೋಡುತ್ತಲೇ ಇದ್ದಳು. “ಫೋನ್ ಕದ್ದು ಕೇಳುವಾಗ ಪೂರ್ತಿ ಕೇಳಬೇಕು ನಾ, ಅಮ್ಮಾ.”

ಕಿವಿಯ ತುದಿ ಬಿಸಿಯಾಯಿತು. ಆದರೂ ಬಿಡಲಾಗಲಿಲ್ಲ. “ಮತ್ತೆ ಅಲ್ಲಿ ಯಾರಿದ್ದಾರೆ ನಿನಗೆ?”

“ಯಾರೂ ಇಲ್ಲ,” ಎಂದಳು ಶ್ರದ್ಧಾ. ಕಿಟಕಿಯ ಗಾಜು ಪೂರ್ತಿ ಇಳಿಸಿ, “ಅದಕ್ಕೇ,” ಎಂದಳು.

ಅದಕ್ಕೇ ಎಂದರೇನು ಎಂದು ಉಮಾವತಿ ಆ ದಾರಿಯಿಡೀ ತಿರುವಿ ಹಾಕಿದಳು. ಯಾರೂ ಇಲ್ಲದ ಕಡೆ ಹೋಗಬೇಕು ಎನ್ನಿಸುವಷ್ಟು ಇಲ್ಲಿ ಯಾರಿದ್ದಾರೆ? ತಾನಿದ್ದೇನೆ. ಫೋನಿನ ಇನ್ನೊಂದು ತುದಿಯಲ್ಲಿ ಉಸಿರು ಬಿಗಿಹಿಡಿದವಳು. ಗಾಡಿ ಭಕ್ತಿಶಕ್ತಿ ಚೌಕ ದಾಟಿತು. ಸಿಮೆಂಟಿನ ಲಾರಿಗಳು, ಇನ್ನೂ ಗಿಲಾವು ಕಾಣದ ಅಪಾರ್ಟ್‌ಮೆಂಟುಗಳು, ಅವುಗಳ ಕಾಲಬುಡದಲ್ಲಿ ತಗಡಿನ ಶೆಡ್ಡುಗಳು. ಇವಳೆಲ್ಲಿಗೆ ಹೋಗುವುದಿದ್ದರೂ ತನ್ನಿಂದ ದೂರ ಹೋಗುವುದಕ್ಕೇ ಹೋಗುತ್ತಾಳೆ ಎನ್ನಿಸಿ, ಹತ್ತಿರದ ಕಾಲೇಜೇ ಸರಿ, ಗಂಡ ಹೇಳುವುದೇ ಸರಿ ಎಂದುಕೊಂಡಳು. ಅಂದುಕೊಂಡ ಕೂಡಲೇ ನಾಚಿಕೆಯಾಯಿತು.

ಭುಜಂಗ ಕಾಲೇಜಿನ ಗೇಟಿನಲ್ಲೇ ನಿಂತಿದ್ದ, ಅತ್ತರು ಹಾಕಿಕೊಂಡು. ಸೀರೆ ನೋಡಿ, “ಇದಾ ಒಳ್ಳೆ ಸೀರೆ?” ಎಂದ. ಮತ್ತೆ, “ಇರಲಿ, ಬನ್ನಿ, ಮುಂದೆ ಕೂರುವ,” ಎಂದು ಇಬ್ಬರನ್ನೂ ತಳ್ಳಿಕೊಂಡೇ ಒಳಗೆ ಕರೆದುಕೊಂಡು ಹೋದ. ಹೊಸ ಬಣ್ಣದ ವಾಸನೆ. ಎಸಿ ಹಾಕಿದ ಹಾಲ್ ಜನರಿಂದ ಕಿಕ್ಕಿರಿದಿತ್ತು. ಗೋಡೆ ಪೂರಾ ಗಾಜು, ಹೈವೇಯಲ್ಲಿ ಹೋಗುವ ಬಸ್ಸುಗಳಿಂದಲೂ ಒಳಗಿನ ತಲೆಗಳು ಕಾಣುವಂತಿತ್ತು. ಇಷ್ಟು ಜನ! ಅವಳ ಅನುಮಾನವೂ ಒಂದು ಕ್ಷಣ ಸಡಿಲವಾಯಿತು. ಇಷ್ಟು ತಂದೆತಾಯಿಗಳು ಹುಚ್ಚರೇ? ಮೊದಲನೆಯ ಸಾಲಿನಲ್ಲಿ, ಗಾಜಿನ ಬದಿಯ ಕುರ್ಚಿಗಳು ಅವರಿಗಾಗಿ ಖಾಲಿಯಿದ್ದವು. ಕಾಲೇಜಿನ ಚೇರ್ಮನ್ ಸಾಹೇಬರು ವೇದಿಕೆಯಿಂದ ಇಳಿದು ಬಂದು ಕೈಮುಗಿದು, “ಯಾ ಯಾ, ವಹಿನಿ,” ಎಂದು ಮರಾಠಿಯಲ್ಲಿ ಸ್ವಾಗತಿಸಿದರು. ಬನ್ನಿ ಬನ್ನಿ, ಅತ್ತಿಗೆ. ಪೇಪರ್ ತಟ್ಟೆಗಳಲ್ಲಿ ಸಮೋಸ ಬಂತು. ಸೂಟು ಹಾಕಿದ ಹುಡುಗಿಯೊಬ್ಬಳು ಮೈಕಿನಲ್ಲಿ ಲೊಕೇಶನ್ನು, ಪ್ಲೇಸ್‌ಮೆಂಟು ಎಂದು ಒಂದೇ ಉಸಿರಿಗೆ ಹೇಳುತ್ತ ಹೋಗುತ್ತಿದ್ದಳು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಯಾರೂ ಕೇಳಲಿಲ್ಲ. ಇಷ್ಟು ಜನರಲ್ಲಿ ಒಬ್ಬರಿಗೂ ಕೇಳುವುದಕ್ಕೇನೂ ಇಲ್ಲವೇ ಎಂದು ಸೋಜಿಗಪಟ್ಟು, ಉಮಾವತಿ ಕೂತಲ್ಲಿಂದಲೇ ತನ್ನ ಮರಾಠಿಯಲ್ಲಿ ಕೇಳಿಬಿಟ್ಟಳು: ಕೊನೆಗೆ ಡಿಗ್ರಿ ಬರುವುದು ಯಾವ ಯೂನಿವರ್ಸಿಟಿಯ ಹೆಸರಿನಲ್ಲಿ?

ಹುಡುಗಿ ಇಂಗ್ಲಿಷಿನಲ್ಲಿ ಬಹಳ ಉದ್ದ ಉತ್ತರ ಕೊಟ್ಟಳು. ದೂರದ ಯಾವುದೋ ರಾಜ್ಯದ ಹೆಸರು ಬಂತು, ‘ಮಾನ್ಯತೆ ಸಿಗಲಿದೆ’ ಎಂಬರ್ಥದ ಮಾತು ಎರಡು ಮೂರು ಸಲ ಬಂತು. ಉಮಾವತಿ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಭುಜಂಗ ಕೈ ಎತ್ತಿ ಹುಡುಗಿಗೆ, “ಚಾಲೂ ಠೇವಾ, ತಿಲಾ ಕಳತ್ ನಾಹಿ,” ಎಂದ. ಅವಳಿಗೆ ತಿಳಿಯುವುದಿಲ್ಲ, ನೀವು ಮುಂದುವರಿಸಿ. ಹಿಂದೆ ಒಂದಿಬ್ಬರು ನಕ್ಕರು. ಶ್ರದ್ಧಾ ತನ್ನ ಮೊಣಕೈಯನ್ನು ತಾಯಿಯ ಮೊಣಕೈಗೆ ತಾಗಿಸಿದಳು. ತಾಗಿಸಿದ್ದೋ ತಾಗಿದ್ದೋ ಗೊತ್ತಾಗಲಿಲ್ಲ.

ನಕ್ಕವರು ಯಾರೆಂದು ನೋಡಲು ತಿರುಗಿದಾಗ ಮೂರನೆಯ ಸಾಲಿನಲ್ಲಿ ಎರಡು ಕೈ ಕಂಡವು. ಮುಖವಲ್ಲ, ಕೈ. ನೇರಳೆ ಸೀರೆಯ ಹೆಂಗಸೊಬ್ಬಳು ಅಕ್ಕಪಕ್ಕದವರ ಎಂಜಲು ತಟ್ಟೆಗಳನ್ನು ಸದ್ದಿಲ್ಲದೆ ಒಂದರೊಳಗೊಂದು ಸೇರಿಸಿ, ಚಟ್ನಿಯನ್ನು ಬೆರಳಂಚಿನಿಂದ ಸವರಿ ಮೇಲಿನ ತಟ್ಟೆಗೆ ಹಾಕಿ, ಅಡ್ಡ ಹಿಡಿದು ತೊಡೆಯ ಮೇಲೆ ಪೇರಿಸಿಕೊಳ್ಳುತ್ತಿದ್ದಳು. ಬಿದ್ದ ತಟ್ಟೆ ಕಂಡರೆ ಸುಮ್ಮನಿರಲಾರದ ಕೈ. ಮಾನಮ್ಮ! ತಮ್ಮ ಹೋಟೆಲಿನಲ್ಲಿ ಪಾತ್ರೆ ತೊಳೆಯುವ, ಯಾದಗಿರಿ ಕಡೆಯ ಮಾನಮ್ಮ. ಅವಳ ಪಕ್ಕ, ತುಂಬುತೋಳಿನ ಅಂಗಿಯ ಗುಂಡಿಗಳನ್ನು ಮಣಿಕಟ್ಟಿನವರೆಗೂ ಬಿಗಿದು, ಹಂಚಿನ ಸುಟ್ಟ ಕಲೆಗಳನ್ನು ಮುಚ್ಚಿಕೊಂಡು, ಗಣ್ಯ ತಂದೆಯಂತೆ ಕೂತವನು ದೋಸೆ ಹಾಕುವ ಪ್ರಲ್ಹಾದ.

ಆಗ ನೆನಪಾಯಿತು, ಒಳ್ಳೆ ಸೀರೆ ಉಟ್ಟುಕೋ ಎಂಬ ಮಾತನ್ನು ಹಿಂದೆ ಕೇಳಿದ್ದು ಎಲ್ಲಿ ಎಂದು. ಕ್ಯಾಂಪಿನಲ್ಲಿ. ಮದುವೆಯಾಗಿ ಪುಣೆಗೆ ಬಂದ ಹೊಸತು. ಭಾವನವರ ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ಸಂಸಾರ. ಒಂದು ಮಧ್ಯಾಹ್ನ ಭುಜಂಗ ಮೆಟ್ಟಿಲ ಬುಡದಿಂದ ಕೂಗಿದ್ದ, ಒಳ್ಳೆ ಸೀರೆ ಉಟ್ಟುಕೋ, ಕೆಳಗೆ ಬಾ, ತಿಂಡಿ ತಿನ್ನುವ. ಹೋಟೆಲಿನ ಹೆಂಗಸರು ಹೋಟೆಲಿನಲ್ಲಿ ಕೂತು ತಿನ್ನುವುದಿಲ್ಲ. ಗಂಡ ತನಗಾಗಿ ಆ ಪದ್ಧತಿ ಮುರಿಯುತ್ತಿದ್ದಾನೆ ಎಂದು ಎದೆ ಉಬ್ಬಿತ್ತು. ಅಮ್ಮ ಕೊಟ್ಟ ಕೆಂಪು ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಇಲ್ಲವೆಂದು ಯಾವುದೋ ಬಿಳಿ ಹೂವು ಮುಡಿದು ಇಳಿದಿದ್ದಳು. ಕಿಟಕಿ ಪಕ್ಕದ ಟೇಬಲ್. ಎದುರಿಗೆ ಅಕ್ಕ, ಅಂದರೆ ಭಾವನ ಹೆಂಡತಿ, ಮಕ್ಕಳೊಂದಿಗೆ. ಭುಜಂಗ ಕೂರಲಿಲ್ಲ, ಸ್ವಲ್ಪ ಕೆಲಸ ಉಂಟು ಎಂದ. ಮಸಾಲೆದೋಸೆ ಬಂತು, ತಿಂದಳು. ಅಷ್ಟು ರುಚಿಯಾದ ದೋಸೆ ಮತ್ತೆ ತಿಂದಿಲ್ಲ. ತಟ್ಟೆ ಖಾಲಿಯಾದ ಕೂಡಲೇ ಇನ್ನೊಂದು ದೋಸೆ ಬಂತು. ಸಾಕು ಎಂದರೆ ಅಕ್ಕ, “ತಿನ್ನು ಮಾರಾಯ್ತಿ, ಮೆಲ್ಲ ತಿನ್ನು. ಅವನಿನ್ನೂ ಹೋಗಲಿಲ್ಲ,” ಎಂದಳು. ಯಾರು? ಅಕ್ಕ ಗಲ್ಲದಿಂದ ತೋರಿಸಿದಳು. ರಸ್ತೆಯ ಆಚೆ, ಕಬ್ಬಿನ ಹಾಲಿನ ಅಂಗಡಿಯ ನೆರಳಲ್ಲಿ ಬಿಳಿ ಅಂಗಿಯ ಒಬ್ಬ ಮನುಷ್ಯ ಲೋಟ ಹಿಡಿದು ಇತ್ತಲೇ ನೋಡುತ್ತಿದ್ದ. ಹೋಟೆಲು ಕೊಳ್ಳುವವರು ಮೊದಲು ಎದುರು ಬದಿಯಲ್ಲಿ ಕೂತು ಎಷ್ಟು ಗಿರಾಕಿ ಬರುತ್ತಾರೆ ಎಂದು ನೋಡುತ್ತಾರಂತೆ. ಮಾರುವವರು ಆ ಹೊತ್ತಿಗೆ ತಮ್ಮವರನ್ನೇ ತಂದು ಕೂರಿಸುತ್ತಾರಂತೆ. ಎಲ್ಲರೂ ಮಾಡುತ್ತಾರೆ, ಕೊಳ್ಳುವವನಿಗೂ ಗೊತ್ತಿರುತ್ತದೆ, ಯಾರು ಯಾರೆಂದು ಮಾತ್ರ ಗೊತ್ತಿರುವುದಿಲ್ಲ. ಸುತ್ತ ನೋಡಿದರೆ ಟೇಬಲುಗಳಲ್ಲೆಲ್ಲ ತಮ್ಮ ಊರಿನ ಮುಖಗಳು. ಅವಳು ತಲೆ ತಗ್ಗಿಸಿದಳು. “ಮುಖ ಹೊರಗೆ ಮಾಡು,” ಎಂದಳು ಅಕ್ಕ. “ಹೊಸ ಮದುಮಗಳನ್ನು ಕಿಟಕಿಗೆ ಕೂರಿಸಿದ್ದು ಮತ್ತೆಂತಕ್ಕೆ?” ಎರಡನೆಯ ದೋಸೆಯನ್ನು ಅವಳು ಹೊರಗೆ ಮುಖ ಮಾಡಿಯೇ ತಿಂದಳು. ಅದರಲ್ಲಿ ಉಪ್ಪಿತ್ತೋ ಇಲ್ಲವೋ.

ಎಸಿಯ ತಣ್ಣನೆ ಗಾಳಿ ಕುತ್ತಿಗೆಗೆ ಬಡಿಯುತ್ತಿತ್ತು. ಬಚ್ಚಲಿಗೆ ಹೋಗುವ ನೆಪದಲ್ಲಿ ಎದ್ದಳು. ಹೊರಗಿನ ಕಾರಿಡಾರಿನಲ್ಲಿ ಮಾನಮ್ಮ ತಟ್ಟೆಗಳ ರಾಶಿ ಹಿಡಿದು ಕಸದ ಡಬ್ಬಿ ಹುಡುಕುತ್ತಿದ್ದಳು. ಇವಳನ್ನು ಕಂಡು ಅಷ್ಟಗಲ ನಕ್ಕಳು.

“ಅಕ್ಕಾರ! ನೀವೂ ಬಂದೀರಿ?”

“ನೀನೆಂತ ಇಲ್ಲಿ?”

“ಸಾವಕಾರ್ರು ಕರಕೊಂಡು ಬಂದಾರ್ರಿ. ಚಲೋ ಸೀರಿ ಉಟ್ಕೊಂಡು ಬಾ ಅಂದ್ರು. ಕುಂದ್ರು ಅಂದ್ರು, ಕುಂತೀನ್ರಿ. ಮಾತಾಡಬ್ಯಾಡ ಅಂದಾರ್ರಿ.” ಮಾನಮ್ಮ ದನಿ ತಗ್ಗಿಸಿದಳು. “ಹವಾ ಭಾಳ ತಣ್ಣಗ ಬರ್ತದ್ರಿ ಒಳಗ, ಮಲಗಬೇಕನಸ್ತದ. ಅಕ್ಕಾರ, ಒಂದು ಕೇಳ್ಲೇನ್ರಿ? ನಮ್ಮ ಶರಣಮ್ಮ ಹತ್ತನೇತ್ತಾ ಮುಗಿಸ್ತಾಳ್ರಿ ಈ ವರ್ಸ. ಮುಂದ ಇಲ್ಲೇ ಹಾಕಬೇಕಂತ ಮಾಡೀನ್ರಿ. ಚಲೋ ಅದ ಏನ್ರಿ ಇದು?”

“ನಿನಗೆ ಹೇಗೆ ಕಾಣ್ತದೆ?”

“ಚಲೋನೇ ಇರಬೇಕಲ್ರಿ. ಇಷ್ಟು ಮಂದಿ ಬಂದಾರಂದ್ರ!”

ಉಮಾವತಿ ಅವಳ ಮುಖ ನೋಡಿದಳು. ತಮಾಷೆಯಿರಲಿಲ್ಲ ಅಲ್ಲಿ. ಆ ಮಂದಿಯಲ್ಲಿ ನೀನೂ ಒಬ್ಬಳಲ್ಲವೇ ಎನ್ನಬೇಕೆಂದುಕೊಂಡಳು. “ನೋಡುವ, ಇನ್ನೂ ಸಮಯ ಉಂಟಲ್ಲ,” ಎಂದಷ್ಟೇ ಹೇಳಿ, ಕಸದ ಡಬ್ಬಿ ಮೂಲೆಯಲ್ಲಿದೆ ಎಂದು ತೋರಿಸಿದಳು. ಒಳಗೆ ಬರುವಷ್ಟರಲ್ಲಿ ಶ್ರದ್ಧಾಳನ್ನು ಗಾಜಿನ ಗೋಡೆಯ ಮುಂದೆ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ಶೇಕಡಾ ತೊಂಬತ್ತರ ಹತ್ತಿರ ಅಂಕ ತೆಗೆದ ಹುಡುಗಿ ನಮ್ಮನ್ನು ಆರಿಸಿಕೊಂಡಿದ್ದಾಳೆ ಎಂದು ಚೇರ್ಮನ್ನರು ಯಾರಿಗೋ ಹೇಳುತ್ತಿದ್ದರು. “ಜರಾ ಇಕಡೆ ಬಘ್, ಬೇಟಾ. ಹಸ್.” ಇತ್ತ ನೋಡು, ನಗು. ಶ್ರದ್ಧಾ ನಗಲಿಲ್ಲ. ಆದರೆ ಮುಖವನ್ನು ಹೇಳಿದ ಕಡೆ ತಿರುಗಿಸಿದಳು. ಆ ತಿರುಗಿದ ಕುತ್ತಿಗೆಯನ್ನು ಉಮಾವತಿ ನೋಡಿದಳು. ಗಾಜಿನ ಆಚೆ ಒಂದು ಬಸ್ಸು ನಿಧಾನ ಮಾಡಿ ಮುಂದೆ ಹೋಯಿತು.

ಸಂಜೆ ಭುಜಂಗ ಚಹಾಕ್ಕೆ ಮನೆಗೆ ಬಂದಾಗ ಅವಳು ಬೀಸಿ ತಂದ ಪುಡಿಯನ್ನು ಜರಡಿ ಹಿಡಿಯುತ್ತಿದ್ದಳು. ಅವನು ಬಹಳ ಖುಷಿಯಲ್ಲಿದ್ದ. ಕ್ಯಾಂಟೀನು ತಮಗೇ ಎಂದು ಚೇರ್ಮನ್ನರು ಮಾತು ಕೊಟ್ಟಿದ್ದರು. “ಇನ್ನು ಪುಡಿ ಎರಡು ಪಾಲು ಮಾಡಬೇಕು ನೀನು,” ಎಂದ. “ನಾಳೆ ಹತ್ತು ಗಂಟೆಗೆ ಬರ್ತೇನೆ. ಅವಳ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಎಲ್ಲ ತೆಗೆದಿಡು, ಕೊಟ್ಟು ಮುಗಿಸಿಬಿಡುವ. ನಾಳೆ ದಾಟಿದರೆ ಡೆಕ್ಕನ್ನಿನವರೂ ಸೀಟು ಬೇರೆಯವರಿಗೆ ಕೊಡ್ತಾರೆ, ರಗಳೆ ಮುಗಿಯಿತು.”

“ಮಾನಮ್ಮ ಬಂದಿದ್ದಳಲ್ಲ,” ಎಂದಳು ಉಮಾವತಿ, ಜರಡಿಯಿಂದ ಕಣ್ಣೆತ್ತದೆ.

“ಹ್ಞಾಂ, ಹೋಟೆಲಿನಿಂದ ಹತ್ತಿಪ್ಪತ್ತು ಜನ ಕಳಿಸಿದ್ದೆ.” ಅವನ ದನಿಯಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. “ಮೊದಲ ವರ್ಷ ಅಲ್ವಾ ಅವರದ್ದು? ಖಾಲಿ ಹೋಟೆಲಿಗೆ ಯಾರು ಬರ್ತಾರೆ ಹೇಳು? ಜನ ಇದ್ದಲ್ಲಿಗೇ ಜನ ಬರುವುದು. ನಾಲ್ಕು ವರ್ಷದಲ್ಲಿ ನಿಜವಾಗಿಯೇ ತುಂಬ್ತದೆ, ನೋಡು. ಅದರಲ್ಲಿ ಸುಳ್ಳು ಎಂತ ಉಂಟು?”

ಆ ಹತ್ತಿಪ್ಪತ್ತರಲ್ಲಿ ನಾವಿಬ್ಬರೂ ಸೇರಿದ್ದೆವಾ ಎಂದು ಕೇಳಬೇಕೆನ್ನಿಸಿತು. ಕೇಳಿದರೆ ಅವನು ನಗುತ್ತಿದ್ದ, ಅಥವಾ ಇಲ್ಲ ಎನ್ನುತ್ತಿದ್ದ. ಎರಡನ್ನೂ ನಂಬುವುದಕ್ಕೆ ಆಗುತ್ತಿರಲಿಲ್ಲ. ಅವನು ಮಗಳ ಕೇಡು ಬಯಸುವವನಲ್ಲ, ಅದು ಅವಳಿಗೆ ಗೊತ್ತು. ಕ್ಯಾಂಪಿನಲ್ಲಿ ಆ ಮಧ್ಯಾಹ್ನವೂ ಅವನು ಕೇಡೇನೂ ಬಯಸಿರಲಿಲ್ಲ. ದೋಸೆ ನಿಜವಾದದ್ದೇ, ಬೆಣ್ಣೆಯೂ ನಿಜವಾದದ್ದೇ ಆಗಿತ್ತು. ಚಹಾ ಕುಡಿದು, ಮೀಸೆ ಒರೆಸಿಕೊಂಡು, ಅವನು ಹೋಟೆಲಿಗೆ ಹೊರಟ.

ಜರಡಿಯಲ್ಲಿ ಉಳಿದ ತರಿಯನ್ನು ಬೆರಳಿನಿಂದ ಆಡಿಸುತ್ತ ಕೂತಳು. ಹೆಸರು ಎಂದರೆ ಏನು ಎಂದು ಅವಳಿಗೆ ಈಗಲೂ ಖಚಿತವಿರಲಿಲ್ಲ. ಆ ಕಲ್ಲಿನ ಕಾಲೇಜನ್ನು ಕಟ್ಟಿದ ವರ್ಷ ಅಲ್ಲೂ ಯಾರೋ ತಮ್ಮ ಅಳಿಯಂದಿರನ್ನು, ಅಡುಗೆಯವರನ್ನು ಬೆಂಚುಗಳ ಮೇಲೆ ಕೂರಿಸಿರಬಹುದು, ಯಾರಿಗೆ ಗೊತ್ತು? ಹಳೆಯದಾದರೆ ಸುಳ್ಳಿಗೂ ಪಾಚಿ ಹತ್ತಿ ಅದೇ ಗೌರವವಾಗುತ್ತದೋ ಏನೋ. ಒಮ್ಮೆ ಅದರ ಎದುರು ಬಸ್ಸಿನಲ್ಲಿ ಹಾದುಹೋಗಿದ್ದಳು, ಅಷ್ಟೇ. ಗೇಟಿನೊಳಗೆ ದೊಡ್ಡ ಮರಗಳು, ಹೊರಗಿನಿಂದ ಒಳಗೆ ಯಾರಿದ್ದಾರೆ ಎಂದು ಏನೇನೂ ಕಂಡಿರಲಿಲ್ಲ. ಆಗ ಅದು ಸೊಕ್ಕು ಎನ್ನಿಸಿತ್ತು. ಈಗ, ಒಳಗಿರುವವರನ್ನು ದಾರಿಹೋಕರಿಗೆ ತೋರಿಸಬೇಕಾದ ಅಗತ್ಯ ಆ ಕಟ್ಟಡಕ್ಕೆ ಇಲ್ಲ ಎನ್ನಿಸಿತು. ಈ ಯೋಚನೆಯನ್ನೂ ಪೂರ್ತಿ ನಂಬಲಿಲ್ಲ. ಮಗಳು ಅಲ್ಲಿ ಓದಿ ಏನಾಗುತ್ತಾಳೆ, ದಿನವೂ ಆ ಲೋಕಲ್ಲಿನ ನೂಕುನುಗ್ಗಲಿನಲ್ಲಿ ಯಾರು ಅವಳ ಪಕ್ಕ ನಿಲ್ಲುತ್ತಾರೆ, ಸಂಜೆ ಎಷ್ಟು ಹೊತ್ತಿಗೆ ಬರುತ್ತಾಳೆ, ಬಂದ ಮೇಲೆ ತನ್ನೊಂದಿಗೆ ಮಾತಾಡುತ್ತಾಳೋ ಇಲ್ಲವೋ. ಅದಕ್ಕೇ, ಎಂದಿದ್ದಳಲ್ಲ. ಯಾರೂ ಇಲ್ಲ, ಅದಕ್ಕೇ. ಯಾರೂ ಕೂರಿಸದ ಜಾಗದಲ್ಲಿ ತಾನಾಗಿ ಹೋಗಿ ಕೂರುವುದಕ್ಕೆ. ಮಾನಮ್ಮನ ಅಷ್ಟಗಲ ನಗು ನಡುವೆ ನುಗ್ಗಿ ಬಂತು. ಅದಕ್ಕೆ ಏನು ಮಾಡಬೇಕೆಂದು ತಿಳಿಯದೆ ಪಕ್ಕಕ್ಕಿಟ್ಟಳು, ಅದು ಪಕ್ಕದಲ್ಲೇ ಕೂತುಕೊಂಡಿತು.

ಶ್ರದ್ಧಾ ನೀರಿಗೆಂದು ಒಳಗೆ ಬಂದವಳು ಡಬ್ಬಿಯೊಂದರ ಮುಚ್ಚಳ ತೆಗೆದು ಮೂಸಿದಳು. “ಪಪ್ಪಾ ಫಿಕ್ಸ್ ಮಾಡಿಬಿಟ್ರಾ?”

“ಹ್ಞೂಂ. ನಾಳೆ ಹತ್ತಕ್ಕೆ ಬರ್ತಾರಂತೆ.”

ಹುಡುಗಿ ಮುಚ್ಚಳವನ್ನು ಸರಿಯಾಗಿ ಒತ್ತಿ ಹಾಕಿದಳು, ನೀರು ಕುಡಿಯದೆಯೇ ಹೋದಳು. ಎರಡನೆಯ ಸಲ ಹೇಳುವ ಹುಡುಗಿಯಲ್ಲ.

ಉಮಾವತಿ ಕೈ ತೊಳೆದುಕೊಂಡು ಕಪಾಟಿನ ಬೀಗ ತೆಗೆದಳು. ಒರಿಜಿನಲ್‌ಗಳು ಅವಳ ಕೆಂಪು ಸೀರೆಯ ಕೆಳಗಿದ್ದವು. ಭುಜಂಗ ಹೇಳಿದಂತೆಯೇ ತೆಗೆದಳು. ಆದರೆ ಟೇಬಲಿನ ಮೇಲಿಡದೆ ತರಕಾರಿಯ ಚೀಲದ ತಳಕ್ಕೆ ಸೇರಿಸಿ, ಮೇಲೊಂದು ಪೇಪರು ಹಾಕಿದಳು. ಅವನು ಬೆಳಗಿನ ಜಾವಕ್ಕೇ ಹೋಟೆಲು ತೆರೆಯಲು ಹೋದರೆ ಹತ್ತರವರೆಗೆ ಗಲ್ಲಾ ಬಿಟ್ಟು ಏಳುವುದಿಲ್ಲ. ಅಷ್ಟರೊಳಗೆ ಡೆಕ್ಕನ್ನಿಗೆ ಹೋಗಲು ಆಕುರ್ಡಿಯಿಂದ ಲೋಕಲ್ ಇದೆ. ಬೆಳಿಗ್ಗೆ ಎಬ್ಬಿಸಿದ ಮೇಲೆ ಹೇಳಿದರಾಯಿತು ಮಗಳಿಗೆ. ಅದಕ್ಕೂ ಮೊದಲು ಹೇಳಿದರೆ ರಾತ್ರಿಯೊಳಗೆ ಮನಸ್ಸು ತಿರುಗೀತು, ತನ್ನ ಮೇಲೇ ತನಗೆ ನಂಬಿಕೆಯಿಲ್ಲ. ಯಾವ ಸೀರೆ ಉಡಬೇಕು ಎಂದು ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಮನೆಯಲ್ಲಿ ಉಡುವ, ಮಸಾಲೆಯ ವಾಸನೆ ಹೋಗದ ಹಳೆಯದೇ ಸಾಕು ಎನ್ನಿಸಿತು. ಅಷ್ಟು ಬೆಳಿಗ್ಗೆ ಹೆಂಗಸರ ಬೋಗಿಯಲ್ಲಿ ಜಾಗ ಇರುತ್ತದೆ. ಕಿಟಕಿ ಬದಿ ಸಿಕ್ಕರೆ ಶ್ರದ್ಧಾಳನ್ನು ಕೂರು ಎನ್ನಬಾರದು. ಅವಳೇ ಕೂತರೆ ಕೂರಲಿ, ಹೊರಗೆ ನೋಡಲಿ.

ಆಮೇಲೆ ಅಡುಗೆಮನೆಗೆ ಹೋಗಿ, ನಾಳಿನ ಹೋಟೆಲಿನ ಪುಡಿಯನ್ನು ಯಾವತ್ತಿನ ಅಳತೆಯಲ್ಲೇ, ಒಂದೇ ಪಾಲು, ಡಬ್ಬಿಗೆ ತುಂಬಿ ಮುಚ್ಚಳ ಬಿಗಿದಳು.